ಸಂಡೂರು ಕಾಡಿನ ಮಣ್ಣಿನಲ್ಲಿ ವಿಕಿರಣ ಅಳೆಯುವುದು ಹೇಗೆ?

ವಿಕಿರಣ ಸೂಸುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ-40 ಎಲ್ಲ ಮಣ್ಣಿನಲ್ಲೂ ಅಷ್ಟಿಷ್ಟು ಇದ್ದೇ ಇವೆ. ಸಂಡೂರಿನ ಗುಡ್ಡದಲ್ಲೂ ಇವೆ. ಕೊಪ್ಪಳದ ಕಡೆ ಗ್ರಾನೈಟ್ ಕರಗಿ ಆದ ಮಣ್ಣಲ್ಲಿ ಸಾಮಾನ್ಯವಾಗಿ ತುಸು ಜಾಸ್ತಿ. ಹೆದರಬೇಕಾಗಿಲ್ಲ, ಸರಿಯಾಗಿ ಅಳೆದರೆ ಸಾಕು. ಎಂ.ಎಸ್ಸಿ. ಪ್ರಾಜೆಕ್ಟುಗಳು ಹೆಚ್ಚಾಗಿ ಹಾಳಾಗುವುದು ಅಳೆಯುವ ಮಣ್ಣು ತುಂಬಿದ ಡಬ್ಬಿ ಮುಚ್ಚುವ ಕೆಲಸದಲ್ಲಿ.

ಮೊದಲು ಅರಣ್ಯ ಇಲಾಖೆಯ ಅನುಮತಿ. ಅದಿರು ಲಾರಿ ಓಡಾಡುವ ರಸ್ತೆಯಿಂದ ದೂರ ಹೋಗಿ. ತರಗೆಲೆ ಸರಿಸಿ, ಹತ್ತು ಮೀಟರ್ ಚೌಕದ ನಾಲ್ಕು ಮೂಲೆ ಮತ್ತು ನಡುವಿನಿಂದ ಒಂದೇ ಆಳದ ಮಣ್ಣು ತೆಗೆದು ಬೆರೆಸಿ. ಹಳೇ ಗೊಬ್ಬರದ ಚೀಲದಲ್ಲಿ ಮಾತ್ರ ತುಂಬಬೇಡಿ! ಒಂದು ಕಿಲೋ ಪೊಟ್ಯಾಷ್ ಗೊಬ್ಬರದಲ್ಲಿ ಸುಮಾರು 15 ಸಾವಿರ ಬೆಕರೆಲ್ (ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಒಂದು ಬೆಕರೆಲ್) ಪೊಟ್ಯಾಸಿಯಂ-40 ಇರುತ್ತದೆ; ಮಣ್ಣಿನ ಜಾಗತಿಕ ಸರಾಸರಿ 400ರ ಆಸುಪಾಸು.

ಮಣ್ಣಿನ ಜೊತೆ ಮರದ ಎಲೆಯನ್ನೂ ಅಳೆಯುವುದಾದರೆ, ಕೀಳುವಾಗ ಪ್ರಶ್ನೆ ಸ್ಪಷ್ಟವಿರಲಿ. ಮರ ಬೇರಿನಿಂದ ಎಳೆದುಕೊಂಡದ್ದು ಬೇಕಾದರೆ ಎಲೆಯನ್ನು ಚೆನ್ನಾಗಿ ತೊಳೆಯಿರಿ. ಪೊಟ್ಯಾಸಿಯಂ ಮರಕ್ಕೆ ಆಹಾರ, ಎಲೆಯವರೆಗೂ ಏರುತ್ತದೆ. ಥೋರಿಯಂ ಬಹುಪಾಲು ಬೇರಲ್ಲೇ ಉಳಿಯುತ್ತದೆ. ತೊಳೆಯದ ಎಲೆಯಲ್ಲಿ ಥೋರಿಯಂ ಕಂಡಿತೆಂದರೆ ಮೊದಲು ಅನುಮಾನಿಸಬೇಕಾದ್ದು ಮೇಲೆ ಕೂತ ಕೆಂಪು ಧೂಳನ್ನು.

ಮಣ್ಣನ್ನು 105 ಡಿಗ್ರಿಯಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ, ಕುಟ್ಟಿ, 2 ಮಿ.ಮೀ. ಜರಡಿ ಹಿಡಿಯಿರಿ.

ಇನ್ನು ಡಬ್ಬಿ. ಯುರೇನಿಯಂ ಒಡೆದು ಒಂದರಿಂದೊಂದಾಗಿ ಹುಟ್ಟುವ ಧಾತುಗಳ ಸರಣಿಯಲ್ಲಿ ಗಾಮಾ ಕಿರಣ ಅಳೆಯುವ ಯಂತ್ರಕ್ಕೆ ಚೆನ್ನಾಗಿ ಕಾಣುವುದು ರೇಡಿಯಂನ ಸಂತತಿಯಾದ ಸೀಸ-214, ಬಿಸ್ಮತ್-214. ಆದರೆ ರೇಡಿಯಂಗೂ ಇವಕ್ಕೂ ನಡುವೆ ರೇಡಾನ್ ಎಂಬ ಅನಿಲವಿದೆ. ಒಣಗಿಸಿ ಕುಟ್ಟುವಾಗಲೇ ಒಂದಿಷ್ಟು ಹಾರಿಹೋಗಿರುತ್ತದೆ. ಮತ್ತೆ ತುಂಬಲು ಗಾಳಿಯಾಡದ ಡಬ್ಬಿಯೂ ಕಾಲವೂ ಬೇಕು. ರೇಡಾನ್‌ನ ಅರ್ಧಾಯುಷ್ಯ (ಅರ್ಧ ಪಾಲು ಒಡೆಯಲು ಬೇಕಾದ ಕಾಲ) 3.8 ದಿನ, 28 ದಿನ ಬಿಟ್ಟರೆ ಕೊರತೆ ಶೇಕಡ ಒಂದಕ್ಕಿಂತ ಕೆಳಗಿಳಿಯುತ್ತದೆ. ವಾರಕ್ಕೇ ತೆಗೆದರೆ ಹಾರಿಹೋದದ್ದರಲ್ಲಿ ಕಾಲು ಪಾಲಿಗೂ ಹೆಚ್ಚು ಇನ್ನೂ ಬಾಕಿ. ಸಬ್‌ಮಿಷನ್ ಹತ್ತಿರ ಬಂತೆಂದು ವಾರಕ್ಕೇ ತೆಗೆಯುವವರೇ ಹೆಚ್ಚು. ಅದಕ್ಕೇ ಮುಚ್ಚಿದ ದಿನಾಂಕವನ್ನು ಮುಚ್ಚಳದ ಮೇಲೇ ಬರೆಯಿರಿ.

ಪಲ್ಯ ಪಾರ್ಸೆಲ್ ಕೊಡುವ ತೆಳು ಡಬ್ಬಿ ಬೇಡವೇ ಬೇಡ. ಸೆಲ್ಲೋಟೇಪು ಬಳ್ಳಾರಿಯ ಬೇಸಿಗೆಗೆ ತಾನೇ ಬಿಟ್ಟುಕೊಳ್ಳುತ್ತದೆ. ತಿರುಪಿನ ಮುಚ್ಚಳದ ದಪ್ಪ ಡಬ್ಬಿ ತಂದು ಸುತ್ತ ಎಪಾಕ್ಸಿ ಹಚ್ಚಿ. ಅಂಚಿನವರೆಗೆ ತುಂಬಿ, ಮೇಲೆ ಜಾಗ ಉಳಿದರೆ ರೇಡಾನ್ ಅಲ್ಲಿ ಸೇರಿಕೊಂಡು ಲೆಕ್ಕ ಕೆಡುತ್ತದೆ. ಹೋಲಿಕೆಯ ಸ್ಟ್ಯಾಂಡರ್ಡ್ (ವಿಕಿರಣ ಎಷ್ಟೆಂದು ಮೊದಲೇ ಗೊತ್ತಿರುವ ಮಾದರಿ) ಕೂಡ ಅದೇ ಅಳತೆಯ ಡಬ್ಬಿಯಲ್ಲಿ, ಅಷ್ಟೇ ಎತ್ತರಕ್ಕೆ ಇರಬೇಕು.

ಮೊಬೈಲಿನ ‘ವಿಕಿರಣ ಆ್ಯಪ್’ ಇದಕ್ಕೆ ಬಾರದು. ಅಗ್ಗದ ಗೈಗರ್ ಮೀಟರು ಕಿರುಗುಟ್ಟಬಹುದು, ಯಾವ ಧಾತು ಎಂದು ಹೇಳಲಾರದು. ಜರ್ಮೇನಿಯಂ ಡಿಟೆಕ್ಟರ್ ಇರುವ ಪ್ರಯೋಗಾಲಯವೇ ಬೇಕು. ಅದು ಗಾಮಾ ಕಿರಣಗಳನ್ನು ಶಕ್ತಿಯ ಪ್ರಕಾರ ಬೇರ್ಪಡಿಸಿ ತೋರಿಸುತ್ತದೆ. ಅಲ್ಲಿ ಬಿಸ್ಮತ್ ಗೆರೆ 609, ಪೊಟ್ಯಾಸಿಯಂ-40ರದ್ದು 1461, ಥೋರಿಯಂ ಸರಣಿಯ ಥ್ಯಾಲಿಯಂದು 2614 ಕಿಲೋ ಎಲೆಕ್ಟ್ರಾನ್ ವೋಲ್ಟ್ ಬಳಿ ಏಳುತ್ತದೆ. ಖಾಲಿ ಡಬ್ಬಿಯನ್ನೂ ಅಷ್ಟೇ ಹೊತ್ತು ಇಟ್ಟು, ಬಂದ ಎಣಿಕೆಯನ್ನು ಕಳೆಯಿರಿ. ಪ್ರಯೋಗಾಲಯದ ಗೋಡೆಯಲ್ಲೂ ಪೊಟ್ಯಾಸಿಯಂ ಇದೆ.