ಪ್ರವಾಸದ ಸೈಕಲ್ಲಿಗೆ ಕಡಿಮೆ ಬೆಲೆಯ ಹಳೆಯ ಕ್ಯಾರಿಯರ್ ಹುಡುಕುವ ಬಗೆ

ಬೆಂಗಳೂರಿನಲ್ಲಿ ಹಳೆಯ ಸೈಕಲ್ ಕ್ಯಾರಿಯರ್‌ಗಳಿಗೆ ಬರವಿಲ್ಲ. ನಮ್ಮ ಸೈಕಲ್ಲಿಗೆ ಸರಿಯಾಗಿ ಕೂರುವಂಥದ್ದು ಸಿಗುವುದು ಮಾತ್ರ ಕಷ್ಟ. ಆದ್ದರಿಂದ ಹುಡುಕಲು ಹೊರಡುವ ಮೊದಲು ಹಿಂಚಕ್ರದ ಆಕ್ಸಲ್ ಬಳಿಯಲ್ಲಿಯೂ ಸೀಟಿನ ಕೆಳಗಿನ ಕೊಳವೆಗಳಲ್ಲಿಯೂ ಬೋಲ್ಟ್ ಹಾಕುವ ತೂತುಗಳಿವೆಯೇ, ಚಕ್ರ 26 ಇಂಚಿನದೋ ಅದಕ್ಕಿಂತ ತುಸು ದೊಡ್ಡದಾದ 700ಸಿ ಅಳತೆಯದೋ, ಹಿಂದೆ ಡಿಸ್ಕ್ ಬ್ರೇಕ್ ಇದೆಯೇ ಎಂಬುದನ್ನು ಗುರುತು ಮಾಡಿಕೊಳ್ಳಬೇಕು. ಡಿಸ್ಕ್ ಬ್ರೇಕ್ ಇರುವ ಅನೇಕ ಸೈಕಲ್ಲುಗಳಲ್ಲಿ ಸಾಧಾರಣ ಕ್ಯಾರಿಯರಿನ ಎಡಗಾಲು ಕ್ಯಾಲಿಪರಿಗೆ, ಅಂದರೆ ಬ್ರೇಕಿನ ತಟ್ಟೆಯನ್ನು ಅದುಮಿ ಹಿಡಿಯುವ ಭಾಗಕ್ಕೆ, ತಾಗುತ್ತದೆ.

ಒಎಲ್‌ಎಕ್ಸ್‌ನಂಥ ತಾಣಗಳಲ್ಲಿ ಬಿಡಿ ಕ್ಯಾರಿಯರ್‌ಗಳು ಆಗಾಗ ಬರುತ್ತವೆ. ಆದರೆ ನಾನು ಹೆಚ್ಚು ನಂಬುವುದು ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯನ್ನು. ಅಲ್ಲಿ ಧೂಳು ಹಿಡಿದು ನಿಂತ ಸೈಕಲ್ಲುಗಳ ಮಾಲೀಕರಿಗೆ ಸಂಘದ ವಾಟ್ಸಾಪ್ ಗುಂಪಿನ ಮೂಲಕ ವಿನಯದಿಂದ ಒಂದು ಸಂದೇಶ ಕಳಿಸಿದರೆ, ಕ್ಯಾರಿಯರನ್ನಷ್ಟೇ ಬಿಚ್ಚಿಕೊಡಲು ಒಪ್ಪುವವರು ಇರುತ್ತಾರೆ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಗೆ ಹೋಗುವುದಾದರೆ ಬೆಳಿಗ್ಗೆಯೇ ಹೋಗುವುದು ಒಳ್ಳೆಯದು. ಬಡಾವಣೆಯ ಪಂಚರ್ ಅಂಗಡಿಯಲ್ಲಿಯೂ ಗುಜರಿಯಲ್ಲಿಯೂ ಹೇಳಿಟ್ಟಿರಬೇಕು.

ಗುಜರಿಯಲ್ಲಿ ಸಿಗುವುದು ಬಹುಮಟ್ಟಿಗೆ ಹಾಲಿನವರು, ಪೇಪರಿನವರು ಬಳಸುತ್ತಿದ್ದ ದೊಡ್ಡ ಸೈಕಲ್ಲಿನ ಉಕ್ಕಿನ ಕ್ಯಾರಿಯರ್. ಅದನ್ನು ಕಡೆಗಣಿಸಬಾರದು. ಆ ಸೈಕಲ್ಲಿನ 28 ಇಂಚಿನ ಚಕ್ರಕ್ಕೂ 700ಸಿ ಚಕ್ರಕ್ಕೂ ಎತ್ತರದಲ್ಲಿ ಅಂತರ ಅಲ್ಪ. ಅದರ ಕಾಲುಗಳು ಮಾತ್ರ ನಟ್ ಇರುವ ಆಕ್ಸಲ್‌ಗೆ ಸಿಕ್ಕಿಸುವಂಥವು, ಆದ್ದರಿಂದ ಕೈಸನ್ನೆಯಿಂದಲೇ ಬಿಚ್ಚುವ ಕ್ವಿಕ್ ರಿಲೀಸ್ ಚಕ್ರಕ್ಕೆ ಅವು ಹಾಗೆಯೇ ಹೊಂದುವುದಿಲ್ಲ. ತೂತಿರುವ ಚಿಕ್ಕ ಉಕ್ಕಿನ ಪಟ್ಟಿಯೊಂದನ್ನು ಕಾಲಿನ ತುದಿಗೆ ಬೆಸುಗೆ ಹಾಕಿಸಿ, ಫ್ರೇಮಿನ ತೂತಿಗೆ 5 ಮಿ.ಮೀ. ಬೋಲ್ಟಿನಿಂದ ಬಿಗಿಯಬಹುದು, ರಸ್ತೆ ಬದಿಯ ವೆಲ್ಡಿಂಗ್ ಅಂಗಡಿಯವರೂ ಇದನ್ನು ಮಾಡಿಕೊಡಬಲ್ಲರು. ಅಲ್ಯೂಮಿನಿಯಂ ಕ್ಯಾರಿಯರ್ ಹಗುರವೇನೋ ನಿಜ, ಆದರೆ ಸೀಳಿದರೆ ಆರ್ಗಾನ್ ವೆಲ್ಡಿಂಗ್ ಬಲ್ಲವರನ್ನು ಹುಡುಕಬೇಕಾಗುತ್ತದೆ. ಯಾವ ಲೋಹವೆಂದು ತಿಳಿಯಲು ಜೇಬಿನಲ್ಲಿ ಒಂದು ಅಯಸ್ಕಾಂತವಿದ್ದರೆ ಸಾಕು.

ಕೈಗೆ ಬಂದ ಕ್ಯಾರಿಯರಿನ ಕಾಲುಗಳು ಮೇಲಿನ ಚೌಕಟ್ಟಿಗೆ ಸೇರುವ ಜಾಗವನ್ನು ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಬೇಕು. ಬಣ್ಣದಲ್ಲಿ ಕೂದಲೆಳೆಯಷ್ಟು ಗೆರೆ ಬಿದ್ದು, ಅದರ ಅಂಚಿನಲ್ಲಿ ತುಕ್ಕು ಇಣುಕುತ್ತಿದ್ದರೆ ಒಳಗೆ ಬೆಸುಗೆ ಬಿರಿದಿರುವ ಸಂಭವ ಹೆಚ್ಚು; ಎಷ್ಟೇ ಅಗ್ಗವಾದರೂ ಅದು ಬೇಡ. ಸೀಟಿನ ಕಂಬಕ್ಕೊಂದಕ್ಕೇ ಕಚ್ಚಿಸುವ ಮಾದರಿಯನ್ನು ಪ್ರವಾಸಕ್ಕೆ ಕೊಳ್ಳಲೇಬಾರದು, ಏಕೆಂದರೆ ಅಂಥವು ಹೊರುವುದು ಸಾಮಾನ್ಯವಾಗಿ 10 ಕಿಲೋದ ಆಸುಪಾಸು. ಕಾಲಿರುವ ಪ್ರವಾಸದ ಕ್ಯಾರಿಯರ್‌ಗಳಲ್ಲಿ ಅನೇಕವು 25 ಕಿಲೋ ತಡೆಯುತ್ತವೆ. ಅಂಥದೇ ಹೊಸದರ ಬೆಲೆಯ ಅರ್ಧವನ್ನು ಮೀರದಂತೆ ಚೌಕಾಸಿ ಮಾಡುವುದು ನ್ಯಾಯವೆಂದು ನನ್ನ ಅಭಿಪ್ರಾಯ.

ಹಳೆಯ ಬೋಲ್ಟುಗಳನ್ನು ಎಸೆದು ಸ್ಟೇನ್‌ಲೆಸ್ ಸ್ಟೀಲಿನ ಹೊಸವನ್ನು ಹಾಕಬೇಕು. ಬಳಿಕ 10 ಕಿಲೋ ಅಕ್ಕಿಯ ಚೀಲವೊಂದನ್ನು ಭದ್ರವಾಗಿ ಕಟ್ಟಿ, ಬಡಾವಣೆಯ ಹಂಪುಗಳ ಮೇಲೆ ಒಂದು ಸುತ್ತು ಓಡಿಸಿ ಬಂದು, ಪ್ರತಿ ಬೋಲ್ಟನ್ನೂ ಇನ್ನೊಮ್ಮೆ ಬಿಗಿಮಾಡಬೇಕು.