‘ಮನೇಲೇ ಮಾಡೋದಲ್ವಾ?’

ಹಾಸನದಲ್ಲಿ ಕೂತು ಬಿಸ್ಕತ್ತು ಮಾರ್ತೀನಿ ಅನ್ನೋದು ಸ್ವಲ್ಪ ಹುಂಬತನವೇ. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳಲ್ಲಿ ಎಷ್ಟೋ ನಮ್ಮ ಜಿಲ್ಲೆಯಿಂದ ಹೋದವರು ಇಟ್ಟಿದ್ದು. ಅಲ್ಲಿ 1898ರಲ್ಲಿ ಬಿ.ಬಿ. ಬೇಕರಿ ಶುರು ಮಾಡಿದವರೂ ಹಾಸನದ ಕಡೆಯವರೇ. ಇಂಥ ಊರಿನಲ್ಲಿ ಬೆಣ್ಣೆ ಬಿಸ್ಕತ್ತು, ಖಾರಾ ಬಿಸ್ಕತ್ತು ಬೇಕು ಅಂದರೆ ರಸ್ತೆ ತಿರುವಿನ ಬೇಕರಿಗೆ ಹೋದರೆ ಸಾಕು. 2022ರಲ್ಲಿ ಸಾಲಗಾಮೆ ರಸ್ತೆ ಕಡೆಯ ನಮ್ಮ ಮನೆಯ ಅಡುಗೆಮನೆಗೆ 40 ಲೀಟರಿನ ಓಟಿಜಿ (ಮನೆಬಳಕೆಯ ಕರೆಂಟ್ ಓವನ್) ತಂದಿಟ್ಟಾಗ ನಾನು ಇದನ್ನೆಲ್ಲ ಯೋಚಿಸಿರಲಿಲ್ಲ. ಮಗಳ ಹುಟ್ಟುಹಬ್ಬಕ್ಕೆ ಮಾಡಿದ್ದನ್ನು ನಾಲ್ಕು ಜನ ಹೊಗಳಿದ್ದರು, ಅಷ್ಟೇ.

ಮೊದಲ ತಿಂಗಳಲ್ಲೇ ಹನ್ನೊಂದು ಬಗೆ ಮಾಡಿದೆ. ಚಾಕೊಲೇಟ್ ಚಿಪ್ಸ್, ಓಟ್ಸ್, ಬಾದಾಮಿ, ರೆಡ್ ವೆಲ್ವೆಟ್, ಯಾರು ಏನು ಕೇಳಿದರೂ ಹೂಂ. ಫ್ರಿಜ್‌ನಲ್ಲಿ ತರಕಾರಿಗೆ ಜಾಗ ಇರಲಿಲ್ಲ. ಅರ್ಧ ಬಳಸಿದ ಚಿಪ್ಸ್ ಪ್ಯಾಕೆಟ್‌ಗಳು, ಒಣಗಿ ಹೋದ ಬಣ್ಣದ ಬಾಟಲಿಗಳು ಕಪಾಟಿನ ತುಂಬಾ. ಎಲ್ಲರೂ ಇಷ್ಟಪಟ್ಟು ತಗೊಂಡು ಹೋಗ್ತಿದ್ದರು. ಎಲ್ಲರೂ ಒಂದೇ ಮಾತು ಹೇಳ್ತಿದ್ದರು: "ಅಕ್ಕ, ಮನೇಲೇ ಮಾಡೋದಲ್ವಾ? ಸ್ವಲ್ಪ ಕಡ್ಮೆ ಮಾಡ್ಕೊಳಿ." ನನಗೂ ಹೌದಲ್ವಾ ಅನಿಸ್ತಿತ್ತು. ಅಂಗಡಿ ಬಾಡಿಗೆ ಇಲ್ಲ, ಆಳು ಇಲ್ಲ. 250 ಗ್ರಾಂ ಡಬ್ಬಕ್ಕೆ 80 ರೂಪಾಯಿ ಇಟ್ಟಿದ್ದೆ. ಮೊದಲ ವರ್ಷ ಕೊನೆಯಾಗುವ ಹೊತ್ತಿಗೆ ತಿಂಗಳಿಗೆ 120 ಡಬ್ಬ ಹೋಗ್ತಿತ್ತು. ವ್ಯಾಪಾರ ಜೋರು ಅಂದುಕೊಂಡಿದ್ದೆ.

ಓವನ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಮ್ಮದು 2000 ವ್ಯಾಟ್. ಮಾಮೂಲಿ ಪ್ಲಗ್‌ಗೆ ಹಾಕಿದ ಎರಡನೇ ದಿನ ಪ್ಲಗ್ ಕರಗಿ ಸುಟ್ಟ ವಾಸನೆ ಬಂತು. ಎಲೆಕ್ಟ್ರಿಷಿಯನ್ ಕರೆಸಿ ಬೋರ್ಡಿನಿಂದ ಬೇರೆ ವೈರ್ ಎಳೆಸಿ, 16 ಆಂಪ್ಸಿನ ಪವರ್ ಪ್ಲಗ್ ಹಾಕಿಸಿದೆ. ಇನ್ನೊಂದು, ಓವನ್ನಿನ ಗುಂಡಿ 170 ಅಂತ ತೋರಿಸಿದರೆ ಒಳಗೆ 170 ಇರುತ್ತೆ ಅಂತ ನಂಬಬೇಡಿ. ಒಳಗಿಡುವ ಸಣ್ಣ ಥರ್ಮಾಮೀಟರ್ ತಂದು ನೋಡಿದರೆ ನನ್ನದರಲ್ಲಿ 20 ಡಿಗ್ರಿ ಜಾಸ್ತಿ ಇತ್ತು. ಅಲ್ಲಿಯವರೆಗೆ ತಳ ಕಪ್ಪಾದಾಗಲೆಲ್ಲ ನನ್ನ ಕೈಗುಣವನ್ನೇ ಬೈದುಕೊಂಡಿದ್ದೆ.

ಲೆಕ್ಕ ಬಯಲಾದದ್ದು ಒಂದು ಭಾನುವಾರ ರಾತ್ರಿ. ನಮ್ಮ ಅತ್ತೆ ಆಲೂರಿನ ಕಡೆಯವರು, ಸಣ್ಣ ಕಾಫಿ ತೋಟ ನೋಡಿಕೊಂಡು ಬಂದವರು. ನಾನು ಡಬ್ಬಗಳಿಗೆ ಲೇಬಲ್ ಅಂಟಿಸ್ತಾ ಕೂತಿದ್ದೆ, ಹನ್ನೊಂದು ಗಂಟೆ ಆಗಿತ್ತು. ಪಕ್ಕಕ್ಕೆ ಬಂದು ಕೂತರು. "ಇಷ್ಟೊತ್ತು ನಿದ್ದೆಗೆಟ್ಟು ಮಾಡ್ತೀಯಲ್ಲ, ಒಂದು ಡಬ್ಬಕ್ಕೆ ಎಷ್ಟು ಉಳಿಯುತ್ತವ್ವ?" ಅಂದರು. ನನಗೆ ಗೊತ್ತಿರಲಿಲ್ಲ. ಮಗಳ ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆಯೋಕೆ ಕೂತೆವು.

ರಾಗಿ ಬಿಸ್ಕತ್ತಿನ ಒಂದು ಹದಕ್ಕೆ, ಅಂದರೆ ಒಂದು ಸಲ ಕಲಸುವ ಹಿಟ್ಟಿಗೆ, 300 ಗ್ರಾಂ ರಾಗಿ ಹುರಿಹಿಟ್ಟು, 200 ಗ್ರಾಂ ಗೋಧಿ ಹಿಟ್ಟು, 250 ಗ್ರಾಂ ಬೆಣ್ಣೆ, 250 ಗ್ರಾಂ ಬೆಲ್ಲದ ಪುಡಿ, ಎರಡು ಚಮಚ ಹಾಲು, ಬೇಕಿಂಗ್ ಪೌಡರ್, ಏಲಕ್ಕಿ. ಉಪ್ಪಿಲ್ಲದ ನಂದಿನಿ ಬೆಣ್ಣೆ ಕೆ.ಜಿ.ಗೆ 600 ರೂಪಾಯಿ ಲೆಕ್ಕದಲ್ಲಿ ಬೆಣ್ಣೆಗೇ 150 ಆಯಿತು. ಬೆಲ್ಲ 18, ರಾಗಿ 18, ಗೋಧಿ 10, ಚಿಲ್ಲರೆ ಸಾಮಾನು 8. ಒಟ್ಟು 204. ಇದರಲ್ಲಿ 45 ಬಿಸ್ಕತ್ತು ಬರುತ್ತವೆ, ಡಬ್ಬಕ್ಕೆ 12 ಹಿಡಿಯುತ್ತವೆ. ಹಾಗಾಗಿ ಒಂದು ಡಬ್ಬದ ಸಾಮಾನು 54 ರೂಪಾಯಿ. ಕರೆಂಟು 3. ಡಬ್ಬ, ಒಳಗಿನ ಕವರ್, ಲೇಬಲ್ ಸೇರಿ 17. ಅಲ್ಲಿಗೆ 74. ನಾನು ಮಾರ್ತಿದ್ದದ್ದು 80ಕ್ಕೆ.

ಆರು ರೂಪಾಯಿ! 120 ಡಬ್ಬಕ್ಕೆ 720. ಇದರಲ್ಲಿ ನಾನು ಸ್ಕೂಟರಿನಲ್ಲಿ ವಿದ್ಯಾನಗರ, ಕುವೆಂಪುನಗರ ಅಂತ ಮನೆ ಮನೆಗೆ ಕೊಟ್ಟು ಬಂದ ಪೆಟ್ರೋಲ್ ಇಲ್ಲ. ಮುರಿದದ್ದು, ಸೀದದ್ದು ಇಲ್ಲ. ಅದನ್ನೆಲ್ಲ ಡಬ್ಬಕ್ಕೆ 9 ರೂಪಾಯಿ ಅಂತ ಹಿಡಿದರೆ, ನಾನು ಕೊಂಡವರಿಗೆ ಮೂರು ಮೂರು ರೂಪಾಯಿ ಕೈಯಿಂದ ಕೊಟ್ಟು ಕಳಿಸ್ತಿದ್ದೆ.

ಅತ್ತೆ ಹಾಳೆ ನೋಡಿ, "ನಿನ್ನ ಕೂಲಿ ಎಲ್ಲಿ ಬರೆದಿದ್ದೀಯಾ?" ಅಂದರು.

"ನಂದೇನು ಕೂಲಿ ಅತ್ತೆ, ಮನೇಲೇ ಮಾಡೋದಲ್ವಾ" ಅಂತ ನಾನೇ ಅಂದುಬಿಟ್ಟೆ.

"ಕಾಫಿ ಕುಯ್ಯೋಕೆ ಬರೋರಿಗೆ ಕೂಲಿ ಕೊಡಲ್ವಾ? ಅವರೂ ನಮ್ಮ ತೋಟದಲ್ಲೇ ಕುಯ್ಯೋದು. ನೀನೇನು ಬಿಟ್ಟಿ ಆಳಾ?"

ಆ ಮಾತು ಚುಚ್ಚಿತು. ಒಂದು ಸಂಜೆಗೆ ನಾಲ್ಕು ಹದ ಮಾಡಿದರೆ 15 ಡಬ್ಬ. ಪಾತ್ರೆ ತೊಳೆದು ಪ್ಯಾಕ್ ಮಾಡಿ ಮುಗಿಸೋಕೆ ಐದು ಗಂಟೆ. ಗಂಟೆಗೆ 80 ರೂಪಾಯಿ ಇಟ್ಟರೂ 400, ಡಬ್ಬಕ್ಕೆ 27. ಅಲ್ಲಿಗೆ ನಿಜವಾದ ಖರ್ಚು 110. ಮುಂದಿನ ತಿಂಗಳಿಂದ ಬೆಲೆ 160 ಅಂತ ವಾಟ್ಸಾಪ್‌ನಲ್ಲಿ ಹಾಕಿದೆ. ಹಾಕಿ ಫೋನ್ ಮಗುಚಿಟ್ಟು ಮಲಗಿದೆ. ಬೆಳಗ್ಗೆ ನೋಡಿದರೆ ಇಬ್ಬರು ‘ಆಯ್ತು’ ಅಂದಿದ್ದರು, ಒಬ್ಬರು ನಗುವ ಮುಖ ಹಾಕಿದ್ದರು, ಉಳಿದವರು ಸುಮ್ಮನೆ ಓದಿ ಬಿಟ್ಟಿದ್ದರು. ಆ ತಿಂಗಳು ಹೋದದ್ದು 60 ಡಬ್ಬ. ಎಲ್ಲಾ ಖರ್ಚು ಕಳೆದು, ನನ್ನ ಕೂಲಿ ಸೇರಿ ಕೈಗೆ ಉಳಿದದ್ದು 4,620 ರೂಪಾಯಿ. ಅರ್ಧ ಕೆಲಸ, ಮತ್ತೆ ಮೊದಲ ಸಲ ದುಡ್ಡು.

ಬೆಣ್ಣೆ ಖರ್ಚು ಉಳಿಸೋಕೆ ಅರ್ಧ ವನಸ್ಪತಿ ಹಾಕಿ ಅಂತ ಸಲಹೆ ಕೊಟ್ಟವರಿದ್ದರು. ಒಂದು ಸಲ ಹಾಕಿಯೂ ನೋಡಿದೆ. ನೋಡೋಕೆ ಇನ್ನೂ ಚೆನ್ನಾಗಿ ಬಂತು, ಅಂಚು ಸಪಾಟಾಗಿ. ಆದರೆ ಬಾಯಿಯ ಮೇಲ್ಭಾಗಕ್ಕೆ ಮೇಣ ಮೆತ್ತಿದ ಹಾಗೆ. ಮಗಳು ಎರಡನೇದು ಮುಟ್ಟಲಿಲ್ಲ. 160 ಕೊಡುವವರಿಗೆ ಅದನ್ನು ಕೊಡೋಕೆ ಆಗಲ್ಲ.

ಹನ್ನೊಂದು ಬಗೆಯಲ್ಲಿ ಎಂಟನ್ನು ನಿಲ್ಲಿಸಿದೆ. ಬೇಕರಿಯವರು ಮಾಡದೇ ಇರುವುದು, ಸಾಮಾನು ಇಲ್ಲೇ ಸುತ್ತಮುತ್ತ ಸಿಗುವುದು, ಇಷ್ಟೇ ಇಟ್ಟುಕೊಂಡದ್ದು. ರಾಗಿ-ಬೆಲ್ಲ, ಅರಸೀಕೆರೆ ಕೊಬ್ಬರಿಯದ್ದು, ಕಾಫಿಯದ್ದು. ಮೂರೂ ಮೊಟ್ಟೆ ಇಲ್ಲದ್ದು. ಯಾಕೆಂದರೆ ಫೋನ್ ಮಾಡಿದವರು ಬೆಲೆಗಿಂತ ಮೊದಲು ಕೇಳುವುದೇ "ಮೊಟ್ಟೆ ಹಾಕಲ್ಲ ತಾನೇ?" ಅಂತ.

ರಾಗಿಗೆ ಅಂಟಿಲ್ಲ. ಬರೀ ರಾಗಿಯಲ್ಲಿ ಮಾಡಿದರೆ ಕೈಗೆ ತಗೊಂಡ ಕೂಡಲೇ ಪುಡಿ. ಅದಕ್ಕೇ ಗೋಧಿ ಹಿಟ್ಟು. ಹಸಿ ರಾಗಿ ಹಿಟ್ಟಿನ ಬದಲು ಹುರಿಹಿಟ್ಟು ಹಾಕಿದರೆ ಘಮವೇ ಬೇರೆ, ಹಸಿ ವಾಸನೆ ಸುಳಿಯಲ್ಲ. ಕಾಫಿಯದ್ದು ಹೆಚ್ಚು ಸತಾಯಿಸಿತು. ಡಿಕಾಕ್ಷನ್ ಹಾಕಿದರೆ ಹಿಟ್ಟು ನೀರಾಗುತ್ತೆ, ಪುಡಿಯನ್ನೇ ಹಾಕಿದರೆ ಹಲ್ಲಿಗೆ ಮರಳು ಸಿಕ್ಕಿದ ಹಾಗೆ. ಕೊನೆಗೆ ಚಿಕೋರಿ ಇಲ್ಲದ ಪುಡಿಯನ್ನು ಕರಗಿದ ಬೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಿಟ್ಟು, ತೆಳು ಬಟ್ಟೆಯಲ್ಲಿ ಸೋಸಿ, ಆ ಬೆಣ್ಣೆಯನ್ನು ಮತ್ತೆ ಗಟ್ಟಿಯಾಗಲು ಇಟ್ಟೆ. ಹಿಟ್ಟು ಕಲಸುವಾಗ ಬೆಣ್ಣೆ ಎಷ್ಟು ಮೆತ್ತಗಿರಬೇಕು ಅಂದರೆ, ಬೆರಳು ಒತ್ತಿದರೆ ಗುಳಿ ಬೀಳಬೇಕು, ಬೆರಳು ಜಾರಬಾರದು. ಜಾರಿದರೆ ಓವನ್ನಿನಲ್ಲಿ ಬಿಸ್ಕತ್ತು ಹರಡಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬೇಸಿಗೆಯಲ್ಲಿ ಉಂಡೆ ಕಟ್ಟಿದ ಮೇಲೂ ಅರ್ಧ ಗಂಟೆ ಫ್ರಿಜ್‌ನಲ್ಲಿ ಇಡುತ್ತೇನೆ. ಒಂದೊಂದು ಉಂಡೆಯೂ ತಕ್ಕಡಿ ಮೇಲೆ 23 ಗ್ರಾಂ. ಬೆಂದ ಮೇಲೆ 21 ಆಗುತ್ತೆ, ಹನ್ನೆರಡಕ್ಕೆ 252. ಡಬ್ಬದ ಮೇಲೆ 250 ಅಂತ ಬರೆದ ಮೇಲೆ ಒಳಗೆ ಅಷ್ಟು ಇರಲೇಬೇಕು.

ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ) ನೋಂದಣಿ ನಾನು ತಡ ಮಾಡಿದೆ, ನೀವು ಮಾಡಬೇಡಿ. ಮನೆಯಲ್ಲೇ ಮಾಡೋದು ತಾನೇ, ಯಾಕೆ ಬೇಕು ಅಂತ ಇದ್ದೆ. ಮನೆಯಲ್ಲಿ ಮಾಡಿ ಮಾರುವವರಿಗೂ ಬೇಕು. ನಾನು ಮಾಡಿಸಿದಾಗ ವರ್ಷದ ವಹಿವಾಟು 12 ಲಕ್ಷ ದಾಟದವರಿಗೆ ಸಾದಾ ನೋಂದಣಿ ಸಾಕಿತ್ತು, ವರ್ಷಕ್ಕೆ 100 ರೂಪಾಯಿ ಶುಲ್ಕ. ಆನ್‌ಲೈನಿನಲ್ಲೇ ಅರ್ಜಿ ಹಾಕಿದೆ. 14 ಅಂಕಿಯ ನಂಬರ್ ಬಂತು. ಲೇಬಲ್ಲಿನ ಮೇಲೆ ಅದು, ಸಾಮಾನುಗಳ ಪಟ್ಟಿ, ತೂಕ, ತಯಾರಿಸಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು, ಬೆಲೆ, ಹಸಿರು ಚುಕ್ಕೆ, ಗೋಧಿ ಮತ್ತು ಹಾಲಿನ ಅಂಶ ಇದೆ ಅನ್ನೋ ಎಚ್ಚರಿಕೆ, ನಮ್ಮ ವಿಳಾಸ, ಎಲ್ಲಾ ಇದೆ. ಲೇಬಲ್ಲಿನಲ್ಲಿ ‘ಕುಕೀಸ್’ ಅಂತ ಹಾಕಿಸಿದೆ. ಮನೆಯಲ್ಲಿ ನಾವು ಬಿಸ್ಕತ್ತು ಅಂತಲೇ ಅನ್ನೋದು. ಆದರೆ ಬಿಸ್ಕತ್ತು ಅಂದರೆ ಜನ ಬೇಕರಿ ರೇಟಿಗೆ ಕೇಳ್ತಾರೆ, ಏನು ಮಾಡೋದು!

ಮುಂದಿನ ಜುಲೈನಲ್ಲಿ ಸಕಲೇಶಪುರದ ಕಡೆಯ ಒಂದು ಹೋಂಸ್ಟೇಯಿಂದ 24 ಡಬ್ಬಕ್ಕೆ ಆರ್ಡರ್ ಬಂತು. ಅಷ್ಟು ದೊಡ್ಡದು ಅದೇ ಮೊದಲು. ಬಸ್ಸಿಗೆ ಕಳಿಸುವ ಅವಸರದಲ್ಲಿ ಕೊನೆಯ ಎರಡು ಟ್ರೇ ಇನ್ನೂ ಬೆಚ್ಚಗಿದ್ದಾಗಲೇ ತುಂಬಿಬಿಟ್ಟೆ. ನಾಲ್ಕನೇ ದಿನ ಫೋನು. "ಮೇಡಂ, ನಿಮ್ಮ ಕುಕೀಸ್ ಚಪಾತಿ ಥರ ಬಗ್ಗುತ್ತಲ್ರೀ." ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಪ್ಪು ಪೂರ್ತಿ ನನ್ನದೇ. 24 ಡಬ್ಬವನ್ನೂ ಹೊಸದಾಗಿ ಮಾಡಿ ಕಳಿಸಿದೆ, ಹಳೆಯದಕ್ಕೆ ಒಂದು ಪೈಸೆ ತಗೊಳ್ಳಲಿಲ್ಲ. ಅವರು ಇವತ್ತಿಗೂ ನನ್ನ ಗಿರಾಕಿ.

ಮಲೆನಾಡಿನ ಮಳೆಗಾಲದಲ್ಲಿ ಬೆಲ್ಲ ನೀರು ಬಿಡುತ್ತೆ ಅನ್ನೋದು ನಮ್ಮ ಅತ್ತೆಗೆ ಹೊಸದಲ್ಲ. ಅವರ ತವರಿನಲ್ಲಿ ಬೆಲ್ಲವನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡ್ತಿದ್ದರಂತೆ. ಬಿಸ್ಕತ್ತಿನೊಳಗೆ ಹೋದ ಬೆಲ್ಲವೂ ಗಾಳಿಯ ತೇವ ಎಳೆದುಕೊಳ್ಳುತ್ತೆ, ಸಕ್ಕರೆಗಿಂತ ಬೇಗ. ಇದು ನನಗೆ ಹೊಳೆದಿರಲಿಲ್ಲ. ಆ ಮಳೆಗಾಲ ಪೂರ್ತಿ ಕಿಟಕಿ ಕಟ್ಟೆಯ ಮೇಲೆ ಪರೀಕ್ಷೆ ನಡೆಸಿದೆ. ತೆಳು ಕವರಿನಲ್ಲಿ ಮೂರು ದಿನ. ಪ್ಲಾಸ್ಟಿಕ್ ಡಬ್ಬದಲ್ಲಿ ಬರೀ ಮುಚ್ಚಳ ಹಾಕಿದ್ದು ಆರು ದಿನ. ಒಳಗೆ ಬೆಳ್ಳಿ ಬಣ್ಣದ ಹಾಳೆ ಇರುವ ದಪ್ಪ ಪೌಚಿಗೆ ತುಂಬಿ, ಬಾಯಿ ಸೀಲ್ ಮಾಡಿ, ತೇವ ಹೀರುವ ಸಣ್ಣ ಚೀಟಿ ಹಾಕಿದ್ದು ಐದನೇ ವಾರದಲ್ಲೂ ಪಟ್ ಅಂತ ಮುರಿಯಿತು. ಈಗ ಡಬ್ಬದೊಳಗೆ ಆ ಪೌಚೇ ಇರೋದು. ಖರ್ಚು ಒಂದೆರಡು ರೂಪಾಯಿ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇನ್ನೊಂದು ಕೆಲಸ ಸೇರಿಸಿದ್ದೇನೆ. ಬೆಂದ ಬಿಸ್ಕತ್ತು ಆರಿದ ಮೇಲೆ ಮತ್ತೆ 130 ಡಿಗ್ರಿಯಲ್ಲಿ ಎಂಟು ನಿಮಿಷ. ಆಮೇಲೆ ಪೂರ್ತಿ ತಣ್ಣಗಾಗಬೇಕು, ಕೆನ್ನೆಗಿಟ್ಟು ನೋಡಿದರೆ ಬಿಸಿ ಗೊತ್ತಾಗಬಾರದು, ತಕ್ಷಣ ಸೀಲ್. ಬಸ್ಸು ತಪ್ಪಿದರೆ ತಪ್ಪಲಿ.

ಅಂಗಡಿಗಳಿಗೆ ಕೊಡುವುದರ ಬಗ್ಗೆ ನನಗೆ ಈಗಲೂ ಪೂರ್ತಿ ಸಮಾಧಾನ ಇಲ್ಲ. 160ರ ಡಬ್ಬವನ್ನು 130ಕ್ಕೆ ಕೊಡುತ್ತೇನೆ. ಮೊದಲು ಒಂದು ಅಂಗಡಿಗೆ ಉದ್ರಿ ಕೊಟ್ಟೆ. ಮೂರು ತಿಂಗಳು "ನಾಳೆ ಬನ್ನಿ" ಅನ್ನಿಸಿಕೊಂಡು, ಕೊನೆಗೆ ಅಂಗಡಿಯೇ ಕೈ ಬದಲಾಯಿತು. ಎಂಟು ಸಾವಿರ ಚಿಲ್ಲರೆ ಹೋಯಿತು. ಈಗ ಹಿಂದಿನ ಸರದಿಯ ದುಡ್ಡು ಫೋನ್‌ಪೇ ಆದ ಮೇಲೆಯೇ ಮುಂದಿನ ಡಬ್ಬ. ಇದರಿಂದ ಒಬ್ಬರು ಬೇಸರ ಮಾಡಿಕೊಂಡು ಬಿಟ್ಟರು. ಬಿಡಲಿ.

ಹಾಸನಾಂಬೆ ಬಾಗಿಲು ತೆರೆಯುವ ದಿನಗಳು, ಅದರ ಜೊತೆಗೇ ದೀಪಾವಳಿ, ಆಗ ನಮಗೆ ಉಸಿರಾಡೋಕೆ ಪುರುಸೊತ್ತಿಲ್ಲ. ಊರಿನ ಪ್ರತಿ ಮನೆಗೂ ನೆಂಟರು. ದರ್ಶನ ಮುಗಿಸಿ ಹೊರಟವರ ಕೈಗೆ ಕೊಟ್ಟು ಕಳಿಸೋಕೆ ಅಂತ ಡಬ್ಬ ಕೇಳ್ತಾರೆ. ಮೊದಲ ವರ್ಷ ಆ ಜನಸಂದಣಿಯಲ್ಲಿ ಸ್ಕೂಟರ್ ಹಾಕಿಕೊಂಡು ಹೋಗಿ ಎರಡು ಗಂಟೆ ಸಿಕ್ಕಿಬಿದ್ದಿದ್ದೆ. ಈಗ ಆ ದಿನಗಳಲ್ಲಿ ಡೆಲಿವರಿ ಇಲ್ಲ, ಮನೆಗೇ ಬಂದು ತಗೊಂಡು ಹೋಗಬೇಕು. ಬರ್ತಾರೆ.

ಈಗ ಮಾಮೂಲಿ ತಿಂಗಳಲ್ಲಿ ಸುಮಾರು 300 ಡಬ್ಬ. 180 ನೇರವಾಗಿ, 120 ಅಂಗಡಿ ಮತ್ತು ಹೋಂಸ್ಟೇಗಳಿಗೆ. ಪಕ್ಕದ ಬೀದಿಯ ಒಬ್ಬರು ಪ್ಯಾಕಿಂಗಿಗೆ ಬರ್ತಾರೆ, ಅವರ ಸಂಬಳ ಕೊಟ್ಟು ನನ್ನ ಕೂಲಿಯೂ ಲಾಭವೂ ಸೇರಿ ಹದಿನೇಳು ಸಾವಿರದ ಹತ್ತಿರ ಉಳಿಯುತ್ತೆ. ಬೆಣ್ಣೆ ರೇಟು ಏರಿದ ತಿಂಗಳು ಅದಕ್ಕಿಂತ ಕಡಿಮೆ. ಲೇಬಲ್ ಅಂಟಿಸೋದು ಅತ್ತೆಯ ಪಾಲು. ಪ್ರತಿ ಶನಿವಾರ ಇನ್ನೂರು ರೂಪಾಯಿ ಎಣಿಸಿಕೊಳ್ಳುತ್ತಾರೆ, ಒಂದು ದಿನ ತಡವಾದರೂ ಕೇಳುತ್ತಾರೆ.

ದೊಡ್ಡ ಓವನ್ ಯಾಕೆ ತಗೊಂಡಿಲ್ಲ ಅಂತ ಸುಮಾರು ಜನ ಕೇಳಿದರು. ಪಿಎಂಎಫ್‌ಎಂಇ ಅನ್ನೋ, ಸಣ್ಣ ಆಹಾರ ಉದ್ದಿಮೆಗಳಿಗೆ ನೆರವಾಗುವ ಕೇಂದ್ರದ ಯೋಜನೆಯಲ್ಲಿ ಖರ್ಚಿನ ಶೇಕಡ 35ರಷ್ಟು, ಹೆಚ್ಚೆಂದರೆ 10 ಲಕ್ಷದವರೆಗೆ ಸಹಾಯಧನ ಅಂತ ತಿಳಿದು, ಕಾಗದಪತ್ರ ಹಿಡಿದು ಬ್ಯಾಂಕಿನವರೆಗೂ ಹೋಗಿ ಬಂದಿದ್ದೆ. ಸಹಾಯಧನ ಏನೋ ಸರಿ, ಉಳಿದದ್ದರಲ್ಲಿ ಹೆಚ್ಚಿನದು ಸಾಲವೇ ಅಲ್ವಾ? ಕಂತು ಕಟ್ಟಬೇಕಾದರೆ ತಿಂಗಳಿಗೆ 300 ಸಾಲದು, ಇನ್ನಷ್ಟು ಅಂಗಡಿಗಳಿಗೆ 130ರಂತೆ ಕೊಡಬೇಕು, ಮತ್ತೆ ಉದ್ರಿ ಕೇಳುವವರ ಹತ್ತಿರ ಹೋಗಬೇಕು. ನಮ್ಮ ಮನೆಗೆ ಇರುವುದು ಸಿಂಗಲ್ ಫೇಸ್ ಕರೆಂಟು, ನಾನು ನೋಡಿದ ಓವನ್ನಿಗೆ ತ್ರೀ ಫೇಸ್ ಬೇಕು. ಸದ್ಯಕ್ಕೆ ಹಳೆಯದರ ಪಕ್ಕದಲ್ಲೇ ಇನ್ನೊಂದು 60 ಲೀಟರಿನ ಓಟಿಜಿ ಇಟ್ಟಿದ್ದೇನೆ. ಎರಡನ್ನೂ ಒಟ್ಟಿಗೆ ಹಾಕಿದಾಗ ಗೀಸರ್ ಹಾಕಬೇಡಿ ಅಂತ ಬಚ್ಚಲಮನೆ ಬಾಗಿಲಿಗೆ ಚೀಟಿ ಅಂಟಿಸಿದೆ. ನಮ್ಮ ಯಜಮಾನರು ಅದನ್ನು ಓದಿಯೂ ಹಾಕುತ್ತಾರೆ, ಫ್ಯೂಸ್ ಹೋಗುತ್ತೆ, ಟ್ರೇ ಅರ್ಧ ಬೆಂದು ನಿಲ್ಲುತ್ತೆ. ತ್ರೀ ಫೇಸ್ ವಿಷಯ ಈ ಮಳೆಗಾಲ ಕಳೆದ ಮೇಲೆ ನೋಡೋಣ ಅಂತ ಇದ್ದೇನೆ.