ಕ್ಯಾನ್ಸರ್ ಗೆದ್ದವರಿಗೆ ವ್ಯಾಯಾಮ ತರಗತಿ: ಮೊದಲು ತೋಳನ್ನು ಅಳೆಯಿರಿ

ಕ್ಯಾನ್ಸರ್ ಚಿಕಿತ್ಸೆ ಮುಗಿಸಿದವರಿಗಾಗಿ ಬಡಾವಣೆಗಳಲ್ಲಿ ಉತ್ಸಾಹದಿಂದ ಶುರುವಾದ ತರಗತಿಗಳು, ಬಂದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಒಂದೇ ಬಗೆಯ ಕಸರತ್ತು ಮಾಡಿಸಿದ ಕಾರಣಕ್ಕೆ ಕೆಲವೇ ವಾರಗಳಲ್ಲಿ ಬರಿದಾದುದನ್ನು ಫಿಸಿಯೋಥೆರಪಿಸ್ಟ್ ಆಗಿ ನಾನು ಹಲವು ಬಾರಿ ಕಂಡಿದ್ದೇನೆ.

ನೀವು ಅಂಥ ತರಗತಿ ನಡೆಸುವುದಾದರೆ, ಸ್ಥಳದ ಆಯ್ಕೆ ಸುಲಭ. ಉದ್ಯಾನಕ್ಕಿಂತ ಸಮುದಾಯ ಭವನವೇ ಮೇಲು, ಏಕೆಂದರೆ ಕಿಮೋಥೆರಪಿಯಿಂದ ಪಾದ ಜೋಮುಗಟ್ಟಿದವರಿಗೆ ಎದ್ದುನಿಂತ ಕಲ್ಲು ಕಾಲಿಗೆ ತಗುಲಿದ್ದೇ ತಿಳಿಯುವುದಿಲ್ಲ.

ಎರಡನೆಯದಾಗಿ, ಪ್ರತಿಯೊಬ್ಬರೂ ವೈದ್ಯರ ಒಪ್ಪಿಗೆಪತ್ರ ತರಲಿ. ರೋಗ ಮೂಳೆಗೆ ಹರಡಿದೆಯೇ, ಚಿಕಿತ್ಸೆಯಿಂದ ಹೃದಯ ದುರ್ಬಲವಾಗಿದೆಯೇ, ಹೊಟ್ಟೆಗೆ ಮಲದ ಚೀಲ ಜೋಡಿಸಿದ್ದಾರೆಯೇ ಎಂಬುದನ್ನು ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳಿರಿ. ಎಲ್ಲರೆದುರು ಕೇಳಿದರೆ ಸಂಕೋಚದಿಂದ ಮುಚ್ಚಿಡುತ್ತಾರೆ.

ಹೆಚ್ಚಿನವರು ಎಡವುವುದು ತೋಳಿನ ವಿಷಯದಲ್ಲಿ. ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ದುಗ್ಧರಸ ಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆದಿದ್ದರೆ ಆ ಬದಿಯ ತೋಳಿನಲ್ಲಿ ದ್ರವ ನಿಂತು ಬಾವು ಬರಬಹುದು. ಈ ಭಯದಿಂದಲೇ ತುಂಬಿದ ಕೊಡ ಎತ್ತಬೇಡಿ, ಚೀಲ ಹಿಡಿಯಬೇಡಿ ಎಂದು ಮಹಿಳೆಯರಿಗೆ ಹೇಳುತ್ತ ಬಂದಿದ್ದೇವೆ. ಆದರೆ ಬಾವು ಇದ್ದ 141 ಮಹಿಳೆಯರನ್ನು ಒಂದು ವರ್ಷ ಗಮನಿಸಿ 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ವಾರಕ್ಕೆರಡು ದಿನ ಮೆಲ್ಲಮೆಲ್ಲನೆ ಭಾರ ಏರಿಸುತ್ತ ಹೋದವರ ಬಾವು ಹೆಚ್ಚಲಿಲ್ಲ. ಅದು ಉಲ್ಬಣಿಸುವ ಪ್ರಸಂಗಗಳೂ ಕಡಿಮೆಯಾದವು.

ಆದ್ದರಿಂದ ಮೊದಲ ದಿನವೇ ದರ್ಜಿಯ ಟೇಪಿನಿಂದ ಎರಡೂ ತೋಳುಗಳನ್ನು ಅಂಗೈ, ಮಣಿಕಟ್ಟು, ಮೊಣಕೈಯಿಂದ 10 ಸೆಂ.ಮೀ. ಕೆಳಗೆ ಮತ್ತು ಅಷ್ಟೇ ಮೇಲೆ ಅಳೆದು ಬರೆದಿಡಿ. ತಿಂಗಳಿಗೊಮ್ಮೆ ಅದೇ ಜಾಗಗಳಲ್ಲಿ ಮತ್ತೆ ಅಳೆಯಿರಿ. ನೀರು ತುಂಬಿದ ಅರ್ಧ ಲೀಟರ್ ಬಾಟಲಿಯಿಂದ ಆರಂಭಿಸಿ, ಹತ್ತು ಬಾರಿ ಎತ್ತಿಸಿದರೆ ಸಾಕು. ಸತತ ಎರಡು ತರಗತಿಗಳಲ್ಲಿ ತೋಳು ಭಾರವೆನಿಸದಿದ್ದರೆ ಮಾತ್ರ ತೂಕವನ್ನು ಒಂದಿಷ್ಟೇ ಏರಿಸಿ. ಬಳೆ ಬಿಗಿಯಾಗುತ್ತಿದೆ, ರವಿಕೆಯ ತೋಳು ಹಿಡಿಯುತ್ತಿದೆ ಎಂದು ಯಾರಾದರೂ ಹೇಳಿದ ದಿನವೇ ಆ ಕೈಗೆ ಭಾರ ಕೊಡುವುದನ್ನು ನಿಲ್ಲಿಸಿ, ಅವರನ್ನು ವೈದ್ಯರ ಬಳಿಗೆ ಕಳುಹಿಸಿ. ಅಳತೆ ನೋಡದೆ ಆನ್‌ಲೈನ್‌ನಲ್ಲಿ ತರಿಸುವ ಅಗ್ಗದ ಕಂಪ್ರೆಷನ್ ತೋಳುಚೀಲವಂತೂ (ಬಾವು ತಡೆಯಲು ತೋಳಿಗೆ ಬಿಗಿಯಾಗಿ ತೊಡುವ ಉಡುಪು) ಬೇಡವೇ ಬೇಡ. ಅದರ ಅಂಚು ಮಣಿಕಟ್ಟನ್ನು ಕಚ್ಚಿ ಹಿಡಿದರೆ ಅಂಗೈಯೇ ಊದಿಕೊಳ್ಳುತ್ತದೆ. ಯಾವುದೋ ವಿಡಿಯೊ ಹಾಕಿ ಎಲ್ಲರಿಂದಲೂ ಮಾಡಿಸುವ ಅಡ್ಡದಾರಿಯನ್ನೂ ನಾನು ಒಪ್ಪುವುದಿಲ್ಲ.

ಉಳಿದ ವೇಳಾಪಟ್ಟಿ ಸರಳ: ವಾರಕ್ಕೆ ಮೂರು ದಿನ 30 ನಿಮಿಷಗಳ ನಡಿಗೆ, ಎರಡು ದಿನ ಬಲವರ್ಧನೆಯ ವ್ಯಾಯಾಮ, ಕನಿಷ್ಠ 8ರಿಂದ 12 ವಾರ. ನಡೆಯುವಾಗ ಪಕ್ಕದವರೊಡನೆ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ವೇಗಕ್ಕೆ ಅದೇ ಅಳತೆ. ಶುರುವಿನಲ್ಲಿ ಹತ್ತು ನಿಮಿಷಕ್ಕೇ ಸುಸ್ತಾಗುವವರಿಗೆ ಹತ್ತೇ ನಿಮಿಷ ಸಾಕು.

ಜ್ವರವಿದ್ದ ದಿನ ಯಾರೂ ಬರಕೂಡದು. ವಾರಕ್ಕೂ ಹೆಚ್ಚು ತಪ್ಪಿಸಿಕೊಂಡವರಿಗೆ ನೀವೇ ಫೋನ್ ಮಾಡಿ ಕರೆಯಿರಿ, ಮರಳಿ ಬಂದಾಗ ಹಳೆಯ ತೂಕವನ್ನು ಕೈಗಿಡದೆ ಹಗುರವಾದುದರಿಂದಲೇ ಮತ್ತೆ ಆರಂಭಿಸಿ.